ಹಳೆಯ ಗಿಟಾರ್ ವರ್ಧಕಕ್ಕೆ ಹೊಸ ಸ್ಪೀಕರ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫುಲರ್ಟನ್ ಎಂಬ ಊರಿದೆ. ಅಲ್ಲಿ ಲಿಯೋ ಫೆಂಡರರ ಕಾರ್ಖಾನೆಯಿಂದ ೧೯೫೫ ಮತ್ತು ೧೯೬೦ರ ನಡುವೆ ಹೊರಬಂದ 'ಡಿಲಕ್ಸ್' ಎಂಬ ಗಿಟಾರ್ ವರ್ಧಕವೊಂದು ನಮ್ಮ ಮುಂದೆ ಇದೆಯೆಂದು ಭಾವಿಸೋಣ. ಹೊರಗೆ ಹಳದಿ ಬಣ್ಣದ ಒರಟು ಬಟ್ಟೆಯನ್ನು ಅಂಟಿಸಿದ ಮರದ ಪೆಟ್ಟಿಗೆ. ಒಳಗೆ ಕೊನೆಯ ಹಂತದಲ್ಲಿ ದುಡಿಯುವ ಎರಡು ವಾಲ್ವುಗಳು. ಮುಂದೆ ಹನ್ನೆರಡು ಅಂಗುಲ ವ್ಯಾಸದ ಒಂದೇ ಒಂದು ಸ್ಪೀಕರ್. ಇದರ ಸಾಮರ್ಥ್ಯ ಹನ್ನೆರಡರಿಂದ ಹದಿನೈದು ವಾಟ್ ಮಾತ್ರ. ಆದರೂ ೧೯೫೯ರ ಇಂತಹುದೇ ಒಂದು ಡಿಲಕ್ಸನ್ನು ಕೆನಡ ದೇಶದ ಪ್ರಸಿದ್ಧ ಗಾಯಕ ನೀಲ್ ಯಂಗ್ ದಶಕಗಳ ಕಾಲ ತಮ್ಮೊಡನೆ ಉಳಿಸಿಕೊಂಡು ಬಂದಿದ್ದಾರೆ. ಈಗ ನಮ್ಮ ಪೆಟ್ಟಿಗೆಯ ಸ್ಪೀಕರ್ ಕೆಟ್ಟಿದೆ. ಸ್ವರ ಏರಿದೊಡನೆ ಕರಕರ ಸದ್ದು; ತಗ್ಗು ತಂತಿಯನ್ನು ಮೀಟಿದರೆ ಹರಿದ ಕಾಗದದ ಪಟಪಟ. ಅಂಗಡಿಗೆ ಹೋಗಿ ಹನ್ನೆರಡು ಅಂಗುಲದ ಬೇರೊಂದು ಸ್ಪೀಕರ್ ತಂದು ಕೂಡಿಸಿದರಾಯಿತು ಎಂದು ಯಾರಿಗಾದರೂ ತೋರುವುದು ಸಹಜ.

ಆದರೆ ಅಂಗುಲದ ಲೆಕ್ಕ ಹೇಳುವುದು ಒಂದೇ ವಿಷಯವನ್ನು: ಸ್ಪೀಕರ್ ಆ ರಂಧ್ರದಲ್ಲಿ ಕುಳಿತುಕೊಳ್ಳುವುದೋ ಇಲ್ಲವೋ ಎಂಬುದನ್ನು. ಅದು ವರ್ಧಕದ ಪ್ರಾಣವನ್ನು ಕಾಯುವುದೋ ಕಳೆಯುವುದೋ, ಹಳೆಯ ಕಂಠವನ್ನು ಉಳಿಸುವುದೋ ಬದಲಿಸುವುದೋ ಎಂಬುದನ್ನು ಅಂಗುಲ ಹೇಳಲಾರದು. ಸ್ಪೀಕರ್ ಎಂಬುದು ಶಬ್ದ ಹೊರಬರುವ ಕಿಟಕಿಯಲ್ಲ. ಅದು ವರ್ಧಕದ ವಿದ್ಯುನ್ಮಂಡಲದ ಕೊನೆಯ ಅಂಗ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಆಯ್ಕೆಯ ಮುಕ್ಕಾಲು ಪಾಲು ತಾನಾಗಿ ಸುಲಭವಾಗುತ್ತದೆ. (ಕನ್ನಡದಲ್ಲಿ 'ಧ್ವನಿವರ್ಧಕ'ವೆಂಬ ಶಬ್ದವನ್ನು ನಾವು ಸ್ಪೀಕರಿಗೂ ಅದನ್ನು ನಡೆಸುವ ಯಂತ್ರಕ್ಕೂ ಒಂದೇ ಸಮನೆ ಬಳಸುತ್ತೇವೆ. ಇಲ್ಲಿ ಗೊಂದಲವಾಗದಂತೆ ಯಂತ್ರವನ್ನು ವರ್ಧಕವೆಂದೂ ಮತ್ತೊಂದನ್ನು ಸ್ಪೀಕರ್ ಎಂದೂ ಕರೆಯುತ್ತೇವೆ.)

ಇಂದು ನಾವು ಬಳಸುವ ಸುರುಳಿ ಸ್ಪೀಕರಿನ ರೂಪವನ್ನು ಸ್ಥಿರಪಡಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಪ್ರಕಟವಾದುದು ೧೯೨೫ರಲ್ಲಿ. ತತ್ತ್ವ ಬಹಳ ಸರಳ. ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಕಿರಿದಾದ ಉಂಗುರಾಕಾರದ ಸಂದು. ಆ ಸಂದಿನಲ್ಲಿ ತೂಗಾಡುವ ತೆಳು ತಾಮ್ರತಂತಿಯ ಸುರುಳಿ. ಸುರುಳಿಗೆ ಅಂಟಿಕೊಂಡ ಕಾಗದದ ಶಂಕು. ವರ್ಧಕದಿಂದ ಬರುವ ಪರ್ಯಾಯ ಪ್ರವಾಹ ಸುರುಳಿಯಲ್ಲಿ ಹರಿದಾಗ ಅದು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಶಂಕು ಅದರೊಡನೆ ಚಲಿಸಿ ಗಾಳಿಯನ್ನು ನೂಕುತ್ತದೆ. ಬೀಸಣಿಗೆಯ ಕೆಲಸವೇ ಅದು. ಬೀಸಣಿಗೆ ಸೆಕೆಂಡಿಗೆ ಒಂದೆರಡು ಬಾರಿ ಆಡಿದರೆ, ಇದು ಗಿಟಾರಿನ ಅತಿ ತಗ್ಗಿನ ತಂತಿಗೆ ಸೆಕೆಂಡಿಗೆ ಸುಮಾರು ೮೨ ಬಾರಿ ಆಡುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ನಿಜವಾಗಿಯೂ ಸತ್ತಿದೆಯೇ ಎಂದು ಪರೀಕ್ಷಿಸಬೇಕು. ಶಂಕುವಿನ ಎರಡು ಬದಿಗೂ ಹೆಬ್ಬೆರಳುಗಳನ್ನಿಟ್ಟು ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ಕೆರೆದಂತೆ ಸದ್ದಾದರೆ ಸುರುಳಿ ಸಂದಿನ ಗೋಡೆಗೆ ಉಜ್ಜುತ್ತಿದೆ ಎಂದರ್ಥ. ಆ ರೋಗಕ್ಕೆ ಮನೆಮದ್ದಿಲ್ಲ. ಸದ್ದಿಲ್ಲದೆ ಆಡಿದರೆ, ಶಂಕುವಿನಲ್ಲಿ ಸಣ್ಣ ಹರಕು ಮಾತ್ರ ಇದ್ದರೆ, ತೆಳು ಕಾಗದದ ಚೂರನ್ನು ಹಗುರವಾದ ಅಂಟಿನಿಂದ ಮೆತ್ತಿ ಮತ್ತೆ ಹಲವು ವರ್ಷ ದುಡಿಸಬಹುದು. ಕೆಲವರಿಗೆ ಹರಿದ ಶಂಕುವೇ ಬೇಕಾಗಿತ್ತೆಂಬುದು ಬೇರೆ ಮಾತು. ಅಮೆರಿಕದ ಲಿಂಕ್ ರೇ ೧೯೫೮ರಲ್ಲಿ ಪೆನ್ಸಿಲಿನಿಂದ ತಮ್ಮ ಸ್ಪೀಕರಿಗೆ ತೂತು ಹೊಡೆದರೆಂದೂ, ಇಂಗ್ಲೆಂಡಿನ ಡೇವ್ ಡೇವೀಸ್ ೧೯೬೪ರಲ್ಲಿ ಕ್ಷೌರದ ಅಲಗಿನಿಂದ ಶಂಕುವನ್ನು ಸೀಳಿದರೆಂದೂ ಪ್ರಸಿದ್ಧಿಯಿದೆ. ಒರಟು ಧ್ವನಿ ಬೇಕೆಂಬುದೇ ಅವರ ಉದ್ದೇಶ. ಅದನ್ನು ಅನುಕರಿಸಿರೆಂದು ನಾವು ಹೇಳುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸ್ಪೀಕರಿನ ಬೆನ್ನ ಮೇಲೆ ೮ ಓಮ್, ೧೬ ಓಮ್ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಪರ್ಯಾಯ ಪ್ರವಾಹಕ್ಕೆ ಸುರುಳಿ ಒಡ್ಡುವ ಒಟ್ಟು ಅಡ್ಡಿಯ ಅಳತೆ ಇದು. ಬರಿಯ ತಂತಿಯ ರೋಧಕ್ಕಿಂತ ಇದು ಭಿನ್ನವಾದುದರಿಂದ ಭೌತಶಾಸ್ತ್ರದಲ್ಲಿ ಇದನ್ನು ಪ್ರತಿಬಾಧೆ ಎನ್ನುತ್ತಾರೆ. ಈ ಭೇದವನ್ನು ಮರೆತು ಮೋಸಹೋಗುವವರು ಬಹಳ. ೮ ಓಮಿನ ಸ್ಪೀಕರಿಗೆ ಸಾಮಾನ್ಯ ಮಾಪಕವನ್ನು ಹಿಡಿದರೆ ಆರು, ಆರೂವರೆ, ಹೆಚ್ಚೆಂದರೆ ಏಳು ಓಮ್ ತೋರುತ್ತದೆ. ಮಾಪಕ ತಪ್ಪಿಲ್ಲ, ಸ್ಪೀಕರೂ ಕೆಟ್ಟಿಲ್ಲ. ಮಾಪಕ ಅಳೆಯುವುದು ಏಕಮುಖ ಪ್ರವಾಹಕ್ಕಿರುವ ರೋಧವನ್ನು ಮಾತ್ರ.

ಈ ಓಮುಗಳು ಏಕೆ ಹೊಂದಬೇಕು? ಬಲವಾದ ತೋಳುಳ್ಳವನೊಬ್ಬನ ಕೈಗೆ ಹತ್ತಿಯ ಉಂಡೆಯನ್ನು ಕೊಟ್ಟು ಎಸೆಯೆಂದರೆ ಅದು ಮುಂದೆಯೇ ಬೀಳುತ್ತದೆ. ಬಂಡೆಗಲ್ಲನ್ನು ಕೊಟ್ಟರೆ ಅವನು ಅದನ್ನು ಎತ್ತಲೂ ಆರ. ಅದೇ ತೋಳಿಗೆ ಕವಣೆಯ ಕಲ್ಲಿನಷ್ಟು ತೂಕ ಸಿಕ್ಕಿದರೆ ಹೊಲದ ಆಚೆ ಬದಿಗೆ ಹಾರುತ್ತದೆ. ವಾಲ್ವಿನ ಸ್ಥಿತಿಯೂ ಇದೇ. ಅದಕ್ಕೆ ಒಪ್ಪುವ ಭಾರ ಸಾವಿರಾರು ಓಮುಗಳದು, ಸ್ಪೀಕರಿನದೋ ಎಂಟು. ಇವೆರಡನ್ನೂ ಹೊಂದಿಸಲು ನಡುವೆ ಒಂದು ಟ್ರಾನ್ಸ್‌ಫಾರ್ಮರನ್ನು ಇಟ್ಟಿರುತ್ತಾರೆ. ಸನ್ನೆಗೋಲು ಭಾರಕ್ಕೂ ಕೈಗೂ ಸಂಧಾನ ಮಾಡುವಂತೆ ಇದು ಸ್ಪೀಕರಿಗೂ ವಾಲ್ವಿಗೂ ಸಂಧಾನ ಮಾಡುತ್ತದೆ. ಮೊದಲ ಸುರುಳಿಯ ಸುತ್ತುಗಳು ಎರಡನೆಯದರ ೩೨ರಷ್ಟಿದ್ದರೆ, ಪ್ರತಿಬಾಧೆ ೩೨ರ ವರ್ಗದಷ್ಟು, ಎಂದರೆ ೧೦೨೪ ಪಟ್ಟು ಹಿಗ್ಗಿ ಕಾಣುತ್ತದೆ. ಎಂಟು ಓಮ್ ವಾಲ್ವಿನ ಕಣ್ಣಿಗೆ ಸುಮಾರು ಎಂಟು ಸಾವಿರ ಓಮ್. ಅದೇ ತಂತಿಗಳಿಗೆ ೧೬ ಓಮಿನ ಸ್ಪೀಕರ್ ಸೇರಿಸಿದರೆ ಹದಿನಾರು ಸಾವಿರ. ೪ ಓಮಿನದಾದರೆ ನಾಲ್ಕು ಸಾವಿರ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಆದ ಓಮ್ ಎಂಬುದಿಲ್ಲ. ಅದು ಸ್ಪೀಕರಿನ ಮುಖವನ್ನು ವಾಲ್ವಿಗೆ ತೋರಿಸುವ ಕನ್ನಡಿ.

ಹೊಂದಿಕೆ ಕೂದಲೆಳೆಯಷ್ಟೂ ತಪ್ಪಬಾರದೆಂದು ಇದರ ಅರ್ಥವಲ್ಲ. ಡಿಲಕ್ಸಿನ ಬೆನ್ನಿನಲ್ಲಿಯೇ ಎರಡನೆಯ ಸ್ಪೀಕರನ್ನು ಸಮಾಂತರವಾಗಿ ಜೋಡಿಸಲು ಇನ್ನೊಂದು ಕಿಂಡಿಯಿದೆ; ಹಾಗೆ ಜೋಡಿಸಿದಾಗ ಎಂಟು ಓಮ್ ನಾಲ್ಕಕ್ಕೆ ಇಳಿಯುತ್ತದೆ. ತಯಾರಿಸಿದವರೇ ಇಷ್ಟು ಸಡಿಲವನ್ನು ಒಪ್ಪಿದ್ದಾರೆ ಎಂದಾಯಿತು. ಅರ್ಧ ಅಥವಾ ಇಮ್ಮಡಿಯ ವ್ಯತ್ಯಾಸವನ್ನು ಗಟ್ಟಿಯಾದ ಹಳೆಯ ವರ್ಧಕಗಳು ಬಹುಮಟ್ಟಿಗೆ ಸಹಿಸುತ್ತವೆ. ಸಹಿಸದಿರುವುದು ಸ್ಪೀಕರೇ ಇಲ್ಲದ ಸ್ಥಿತಿಯನ್ನು. ಬಲವಾಗಿ ನೂಕುತ್ತಿದ್ದ ಬಾಗಿಲು ಥಟ್ಟನೆ ತೆರೆದುಕೊಂಡರೆ ನೂಕುವವನು ಮುಗ್ಗರಿಸುವಂತೆ, ಭಾರವಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಎಲ್ಲೆ ಮೀರಿ ನೆಗೆಯುತ್ತದೆ. ತಂತಿಗಳ ನಡುವಿನ ಅವಾಹಕ ಹೊದಿಕೆ ಸೀಳುತ್ತದೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಮನೆಯ ವಾಲ್ವ್ ರೇಡಿಯೋದ ಸ್ಪೀಕರನ್ನು ಬಿಚ್ಚಿ ಪಕ್ಕಕ್ಕಿಟ್ಟು, ವಾಲ್ವುಗಳು ಹೊತ್ತಿಕೊಳ್ಳುವ ಅಂದವನ್ನು ನೋಡಲು ಸ್ವಿಚ್ಚು ಹಾಕಿ ಕುಳಿತೆವು. ಕೆಲವು ನಿಮಿಷಗಳಲ್ಲಿ ಸುಟ್ಟ ಅರಗಿನ ವಾಸನೆ ಬಂತು. ಆ ರೇಡಿಯೋ ಮತ್ತೆ ಮಾತನಾಡಲಿಲ್ಲ. ಫೆಂಡರರ ಅನೇಕ ವರ್ಧಕಗಳಲ್ಲಿ ಸ್ಪೀಕರಿನ ಪ್ಲಗ್ಗನ್ನು ಕಿತ್ತೊಡನೆ ಕಿಂಡಿಯ ತುದಿಗಳು ತಾವೇ ಕೂಡಿಕೊಳ್ಳುವ ಏರ್ಪಾಡಿದೆ. ಎಲ್ಲ ತಯಾರಕರೂ ಅಷ್ಟು ಮುಂದಾಲೋಚನೆ ತೋರಲಿಲ್ಲ. ಟ್ರಾನ್ಸಿಸ್ಟರ್ ವರ್ಧಕಗಳ ಸ್ವಭಾವ ಸಾಮಾನ್ಯವಾಗಿ ಇದಕ್ಕೆ ವಿರುದ್ಧ: ಅವು ಭಾರವಿಲ್ಲದೆ ಇರಬಲ್ಲವು, ಓಮ್ ತೀರ ಕಡಮೆಯಾದರೆ ಸುಡುತ್ತವೆ. ಒಂದರ ಅನುಭವವನ್ನು ಮತ್ತೊಂದಕ್ಕೆ ಹಚ್ಚಬಾರದು.

ಸ್ಪೀಕರುಗಳು ಒಂದಕ್ಕಿಂತ ಹೆಚ್ಚಿದ್ದರೆ ಲೆಕ್ಕದಲ್ಲಿ ಇನ್ನಷ್ಟು ಎಚ್ಚರ ಬೇಕು. ಫೆಂಡರರದೇ ಆದ 'ಬಾಸ್‌ಮನ್' ವರ್ಧಕದ ೧೯೫೮ರಿಂದ ೧೯೬೦ರವರೆಗಿನ ಮಾದರಿಯಲ್ಲಿ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳಿದ್ದವು, ಪ್ರತಿಯೊಂದೂ ೮ ಓಮ್, ನಾಲ್ಕೂ ಸಮಾಂತರ. ಎಂಟನ್ನು ನಾಲ್ಕರಿಂದ ಭಾಗಿಸಿದರೆ ೨ ಓಮ್, ಟ್ರಾನ್ಸ್‌ಫಾರ್ಮರನ್ನು ಸುತ್ತಿರುವುದು ಅದಕ್ಕೆ ತಕ್ಕಂತೆ. ಒಂದು ಸ್ಪೀಕರಿನ ಸುರುಳಿ ಕಡಿದುಹೋದರೂ ಉಳಿದ ಮೂರು ಸೇರಿ ಸುಮಾರು ೨.೭ ಓಮ್ ಆಗುವುದರಿಂದ ಯಂತ್ರ ನಡೆಯುತ್ತದೆ. ಯಜಮಾನನಿಗೆ ಗೊತ್ತೇ ಆಗದಿರಬಹುದು. ಆದರೆ ಅದೇ ನಾಲ್ಕನ್ನು ಯಾರಾದರೂ ಎರಡೆರಡಾಗಿ ಸರಣಿಯಲ್ಲಿ ಕಟ್ಟಿ, ಆ ಜೋಡಿಗಳನ್ನು ಸಮಾಂತರವಾಗಿ ಸೇರಿಸಿದರೆ ಒಟ್ಟು ಮತ್ತೆ ೮ ಓಮ್, ಇರಬೇಕಾದುದರ ನಾಲ್ಮಡಿ. ಸ್ಪೀಕರುಗಳೆಲ್ಲ ಸರಿಯಾದುವೇ, ಜೋಡಣೆ ಮಾತ್ರ ತಪ್ಪು.

ವಾಟಿನ ವಿಷಯ ಇದಕ್ಕಿಂತ ಸರಳವೆನಿಸಿದರೂ ಅಲ್ಲೊಂದು ಗುಂಡಿಯಿದೆ. ಸ್ಪೀಕರಿನ ಮೇಲಿರುವ ವಾಟಿನ ಅಂಕಿ ಅದು ಎಷ್ಟು ಕಾವನ್ನು ತಾಳಬಲ್ಲದೆಂಬುದರ ಸೂಚನೆಯೇ ಹೊರತು ಎಷ್ಟು ಸದ್ದು ಮಾಡುವುದೆಂಬುದರ ಸೂಚನೆಯಲ್ಲ. ಹದಿನೈದು ವಾಟಿನ ವರ್ಧಕಕ್ಕೆ ಹದಿನೈದು ವಾಟಿನ ಸ್ಪೀಕರ್ ಸಾಕಲ್ಲವೇ? ಸಾಲದು. ವರ್ಧಕದ ಹದಿನೈದು ವಾಟ್ ಎಂಬುದು ಶುದ್ಧವಾದ, ದುಂಡಗಿನ ಅಲೆಗೆ ಹೇಳಿದ ಮಾತು. ಗಿಟಾರಿನವರು ವರ್ಧಕವನ್ನು ಅದರ ಮಿತಿಯಾಚೆ ನೂಕಿ, ಅಲೆಯ ನೆತ್ತಿ ಚಪ್ಪಟೆಯಾಗುವಂತೆ ಮಾಡಿ ಬಾರಿಸುತ್ತಾರೆ. ಅವರಿಗೆ ಪ್ರಿಯವಾದ ಒರಟುತನ ಬರುವುದೇ ಅದರಿಂದ. ಒಂದೇ ಎತ್ತರದ ದುಂಡು ಅಲೆಗಿಂತ ಚೌಕ ಅಲೆಯಲ್ಲಿ ಶಕ್ತಿ ಸರಿಯಾಗಿ ಇಮ್ಮಡಿಯೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಹದಿನೈದು ವಾಟ್ ಹೀಗೆ ಮೂವತ್ತರ ಸಮೀಪಕ್ಕೆ ಬರುತ್ತದೆ. ಇಂಗ್ಲೆಂಡಿನ ಹೆಸರಾಂತ ವಾಕ್ಸ್ ಎಸಿ-೩೦ ವರ್ಧಕದಲ್ಲಿ ಸೆಲೆಸ್ಚನ್ ಸಂಸ್ಥೆಯ ಹದಿನೈದು ವಾಟಿನ ಎರಡು ನೀಲಿ ಸ್ಪೀಕರುಗಳನ್ನು ಇಟ್ಟಿದ್ದರು. ಮೂವತ್ತು ವಾಟಿಗೆ ಮೂವತ್ತೇ, ಅಂಚಿನಲ್ಲಿ ನಡೆದಂತೆ. ಜೋರಾಗಿ ಬಾರಿಸುವವರ ಕೈಯಲ್ಲಿ ಅವು ಸುಟ್ಟುಹೋದುದರಲ್ಲಿ ಆಶ್ಚರ್ಯವಿಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ ಕಾವಿಗೂ ಶೇಕಡ ೦.೪ರಷ್ಟು ಏರುತ್ತದೆ, ಸುರುಳಿ ನೂರು ಡಿಗ್ರಿ ಬಿಸಿಯಾದರೆ ರೋಧ ಶೇಕಡ ನಲವತ್ತರಷ್ಟು ಹೆಚ್ಚುತ್ತದೆ. ಹಳೆಯ ಸುರುಳಿಗಳನ್ನು ಸುತ್ತುತ್ತಿದ್ದುದು ಕಾಗದದ ಕೊಳವೆಯ ಮೇಲೆ. ಈಚಿನವನ್ನು ಹೆಚ್ಚು ಕಾವು ತಡೆಯುವ ಪ್ಲಾಸ್ಟಿಕ್ ಹಾಳೆಯ ಮೇಲೆ. ಆದುದರಿಂದ ನಮ್ಮ ಡಿಲಕ್ಸಿಗೆ ಇಪ್ಪತ್ತೈದು, ಮೂವತ್ತು ವಾಟ್ ಅಥವಾ ಅದಕ್ಕೂ ಮೇಲಿನ ಸ್ಪೀಕರೇ ತಕ್ಕದ್ದು.

ಸದ್ದಿನ ಪ್ರಮಾಣವನ್ನು ಹೇಳುವ ಅಂಕಿ ಬೇರೆಯೇ ಇದೆ. ಕೊಳ್ಳುವವರು ಬಹುಮಂದಿ ಅದನ್ನು ಓದುವುದೇ ಇಲ್ಲ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಎಂಬುದು ಸ್ಪೀಕರಿನ ಸಂವೇದಿತೆ. ಗಿಟಾರ್ ಸ್ಪೀಕರುಗಳಲ್ಲಿ ಇದು ಸಾಮಾನ್ಯವಾಗಿ ೯೪ರಿಂದ ೧೦೦ರವರೆಗೆ ಇರುತ್ತದೆ. ಅಂತರ ಅಲ್ಪವೆಂದು ತೋರುವುದು ಡೆಸಿಬೆಲ್ಲಿನ ಮಾಯೆ. ಮೂರು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಇಮ್ಮಡಿ, ಐದು ಎಂದರೆ ಸುಮಾರು ಮುಮ್ಮಡಿ, ಹತ್ತು ಎಂದರೆ ಹತ್ತು ಮಡಿ. ೯೫ ಡೆಸಿಬೆಲ್ಲಿನ ಸ್ಪೀಕರನ್ನು ತೆಗೆದು ೧೦೦ರದನ್ನು ಹಾಕಿದರೆ ಹದಿನೈದು ವಾಟಿನ ಪೆಟ್ಟಿಗೆ ನಲವತ್ತೈದಕ್ಕೂ ಹೆಚ್ಚು ವಾಟಿನ ಪೆಟ್ಟಿಗೆಯಂತೆ ಮಾತನಾಡುತ್ತದೆ. ವರ್ಧಕದ ಒಂದು ತಂತಿಯನ್ನೂ ಮುಟ್ಟಿಲ್ಲ! ೧೦೦ ಡೆಸಿಬೆಲ್ಲಿನ ಸ್ಪೀಕರ್ ಕೂಡ ತಾನು ಪಡೆದ ವಿದ್ಯುಚ್ಛಕ್ತಿಯಲ್ಲಿ ಶೇಕಡ ಆರರಷ್ಟನ್ನು ಮಾತ್ರ ಶಬ್ದವಾಗಿ ಕೊಡುತ್ತದೆಂದರೆ, ಉಳಿದುದೆಲ್ಲ ಸುರುಳಿಯ ಬಿಸಿಯಾಗಿ ಹೋಗುತ್ತದೆಂದರೆ, ಈ ಉಪಕರಣ ಎಷ್ಟು ದುಂದುಗಾರನೆಂಬುದು ತಿಳಿಯುತ್ತದೆ. ನಮ್ಮ ಕಿವಿಯಾದರೋ ಹತ್ತು ಮಡಿ ಶಕ್ತಿಯನ್ನು ಸುಮಾರು ಎರಡು ಪಟ್ಟು ಜೋರೆಂದು ಮಾತ್ರ ಎಣಿಸುತ್ತದೆ.

ಹಾಗಾದರೆ ನೂರೇ ಶ್ರೇಷ್ಠವೋ? ಸಭಾಂಗಣದಲ್ಲಿ ನುಡಿಸುವವನಿಗೆ ಹೌದು. ಮನೆಯ ಕೊಠಡಿಯಲ್ಲಿ ವಾಲ್ವುಗಳನ್ನು ಮಿತಿಯವರೆಗೆ ದುಡಿಸಿ ಆ ಒರಟು ಸ್ವರವನ್ನು ಪಡೆಯಬೇಕೆನ್ನುವವನಿಗೆ ಅಲ್ಲ. ಅವನಿಗೆ ಕಡಮೆ ಸಂವೇದಿತೆಯೇ ಮೇಲು, ನೆರೆಮನೆಯವರಿಗಂತೂ ಇನ್ನೂ ಮೇಲು.

ಇನ್ನು ಉಳಿದುದು ಕಂಠದ ಪ್ರಶ್ನೆ. ಅಂಕಿಗಳು ಇಲ್ಲಿ ಅರ್ಧದಾರಿಗೆ ನಿಲ್ಲುತ್ತವೆ. ಸಂಗೀತ ಕೇಳಲು ಮಾಡಿದ ಸ್ಪೀಕರ್ ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಯಬೇಕು. ಗಿಟಾರ್ ಸ್ಪೀಕರಿಗೆ ಆ ಕರ್ತವ್ಯವಿಲ್ಲ. ಅದು ಮದ್ದಳೆಯಂತೆ ತಾನೇ ಒಂದು ವಾದ್ಯ. ಸೆಕೆಂಡಿಗೆ ಎಪ್ಪತ್ತು, ಎಂಬತ್ತು, ನೂರು ಕಂಪನಗಳ ಆಸುಪಾಸಿನಲ್ಲಿ ಶಂಕುವಿಗೆ ಸಹಜವಾದ ಅನುರಣನೆಯಿರುತ್ತದೆ. ಎರಡು ಮೂರು ಸಾವಿರದ ಬಳಿ ಕಾಗದ ತುಂಡುತುಂಡಾಗಿ ನಡುಗಿ ಸ್ವರಕ್ಕೆ ಅಂಚು ಕೊಡುತ್ತದೆ. ಐದು ಸಾವಿರದಾಚೆ ಧ್ವನಿ ಬೇಗನೆ ಇಳಿದುಬಿಡುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಹುಟ್ಟುವ ಕರ್ಕಶವಾದ ಮೇಲ್ಸ್ವರಗಳನ್ನು ಈ ಇಳಿತವೇ ಸೋಸುತ್ತದೆ. ಉತ್ತಮವೆಂದು ಹೆಸರಾದ ಗ್ರಾಮಫೋನ್ ಸ್ಪೀಕರನ್ನು ತಂದು ಇಲ್ಲಿ ಹಾಕಿದರೆ ಜೇನ್ನೊಣದ ಗೂಡಿಗೆ ಕಲ್ಲೆಸೆದಂತಾಗುತ್ತದೆ.

ಡಿಲಕ್ಸಿನಂತಹ ವರ್ಧಕಗಳಲ್ಲಿ ಇನ್ನೊಂದು ವಿಶೇಷವಿದೆ. ಅನೇಕ ವರ್ಧಕಗಳಲ್ಲಿ ಹೊರಬರುವ ಸಂಕೇತದ ಸ್ವಲ್ಪ ಭಾಗವನ್ನು ಹಿಂದಕ್ಕೆ ಕೊಟ್ಟು, ತಪ್ಪನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡಿರುತ್ತದೆ. ಡಿಲಕ್ಸಿನ ಆ ವರ್ಷಗಳ ಮಾದರಿಯಲ್ಲಿಯೂ ಎಸಿ-೩೦ರಲ್ಲಿಯೂ ಅದು ಇಲ್ಲ. ಆದುದರಿಂದ ಅನುರಣನೆಯ ಬಳಿ ಸ್ಪೀಕರಿನ ಪ್ರತಿಬಾಧೆ ಹಲವು ಪಟ್ಟು ಏರಿದಾಗ ವೋಲ್ಟೇಜೂ ಅದರ ಹಿಂದೆ ಏರುತ್ತದೆ. ಸ್ಪೀಕರಿನ ಗುಣವೂ ದೋಷವೂ ದೊಡ್ಡದಾಗಿ ಕೇಳುತ್ತವೆ. ಇಂತಹ ಯಂತ್ರಗಳಲ್ಲಿ ಸ್ಪೀಕರ್ ಬದಲಾದರೆ ಮನುಷ್ಯನೇ ಬದಲಾದಂತೆ. ೧೯೬೨ರ ಸುಮಾರಿಗೆ ಲಂಡನ್ನಿನ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ಮೇಲೆ ಹೇಳಿದ ಬಾಸ್‌ಮನ್ನಿನ ಮಂಡಲವನ್ನೇ ಬಹುಮಟ್ಟಿಗೆ ಅನುಸರಿಸಿ ವರ್ಧಕವೊಂದನ್ನು ಕಟ್ಟಿದರು. ಆದರೆ ಹತ್ತು ಅಂಗುಲದ ಜೆನ್‌ಸನ್ ಸ್ಪೀಕರುಗಳ ಬದಲು ಹನ್ನೆರಡು ಅಂಗುಲದ ನಾಲ್ಕು ಸೆಲೆಸ್ಚನ್‌ಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರು. ವಾಲ್ವುಗಳ ಭೇದವೂ ಇತ್ತೆನ್ನಿ. ಆದರೂ ಒಂದೇ ಮಂಡಲ ಅಮೆರಿಕದಲ್ಲಿ ಒಂದು ದನಿಯಲ್ಲಿ, ಇಂಗ್ಲೆಂಡಿನಲ್ಲಿ ಮತ್ತೊಂದು ದನಿಯಲ್ಲಿ ಮಾತನಾಡಿದುದಕ್ಕೆ ಸ್ಪೀಕರು ಮತ್ತು ಪೆಟ್ಟಿಗೆಗಳೇ ದೊಡ್ಡ ಕಾರಣ.

ಅಯಸ್ಕಾಂತದ ವಿಷಯದಲ್ಲಿ ನಡೆಯುವಷ್ಟು ವಾಗ್ವಾದ ಬೇರೆ ಯಾವುದರಲ್ಲಿಯೂ ಇಲ್ಲ. ಹಳೆಯ ಸ್ಪೀಕರುಗಳ ಅಯಸ್ಕಾಂತ ಆಲ್ನಿಕೋ. ಕಬ್ಬಿಣದೊಡನೆ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟುಗಳನ್ನು ಬೆರೆಸಿದ ಮಿಶ್ರಲೋಹ. ೧೯೫೦ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸಿನ ಫಿಲಿಪ್ಸ್ ಸಂಸ್ಥೆಯವರು ಫೆರೈಟ್ ಎಂಬ, ಮಡಕೆಯಂತೆ ಸುಟ್ಟು ಮಾಡುವ ಅಗ್ಗದ ಅಯಸ್ಕಾಂತವನ್ನು ತಂದರು. ೧೯೭೮ರಲ್ಲಿ ಆಫ್ರಿಕದ ಜಾಯಿರ್ ದೇಶದ ಗಣಿನಾಡಿನಲ್ಲಿ ಯುದ್ಧವೆದ್ದು ಕೋಬಾಲ್ಟಿನ ಬೆಲೆ ಗಗನಕ್ಕೇರಿದಾಗ ಆಲ್ನಿಕೋ ಸ್ಪೀಕರುಗಳ ಕಾಲ ಬಹುಮಟ್ಟಿಗೆ ಮುಗಿಯಿತು. ಇಂದು ಅವನ್ನು ಹೆಚ್ಚಿನ ಬೆಲೆಗೆ ಮತ್ತೆ ತಯಾರಿಸುತ್ತಿದ್ದಾರೆ. ಅವುಗಳ ಸ್ವರ ಮಧುರವೆಂದು ಪ್ರತೀತಿ. ನಮ್ಮ ಮಟ್ಟಿಗೆ ಹೇಳುವುದಾದರೆ, ಶಂಕುವಿನ ಕಾಗದ, ಅದರ ಅಂಚು, ಸುರುಳಿಯ ತೂಕ ಇವುಗಳ ಪಾಲು ಅಯಸ್ಕಾಂತದ ಜಾತಿಗಿಂತ ಹೆಚ್ಚು. ಹಣ ಸಾಲದವರು ಫೆರೈಟಿನದನ್ನು ಕೊಂಡರೆ ದುಃಖಪಡಬೇಕಾದುದಿಲ್ಲ. ಆದರೆ ತೂಕವನ್ನು ನೋಡಿಕೊಳ್ಳಬೇಕು. ಡಿಲಕ್ಸಿನ ಮುಂಬದಿಯ ಹಲಗೆ ತೆಳು, ದಪ್ಪ ಅಯಸ್ಕಾಂತ ಒಳಗಿನ ವಾಲ್ವುಗಳಿಗೆ ತಾಗಲೂಬಹುದು.

ಮೊದಲು ಇದ್ದುದು ಯಾವುದೆಂದು ತಿಳಿದರೆ ಆಯ್ಕೆಗೆ ಆಧಾರ ಸಿಕ್ಕಂತೆ. ಅಮೆರಿಕದ ಹಳೆಯ ಸ್ಪೀಕರುಗಳ ಅಂಚಿನಲ್ಲಿ ಒಂದು ಸಂಖ್ಯೆ ಮುದ್ರಿತವಾಗಿರುತ್ತದೆ. ಅದು ೨೨೦ರಿಂದ ಮೊದಲಾದರೆ ಜೆನ್‌ಸನ್, ೪೬೫ರಿಂದಾದರೆ ಆಕ್ಸ್‌ಫರ್ಡ್. ಮುಂದಿನ ಅಂಕಿಗಳು ವರ್ಷ ಮತ್ತು ವಾರ. ೨೨೦೮೩೨ ಎಂದಿದ್ದರೆ ಜೆನ್‌ಸನ್ ಸಂಸ್ಥೆಯದು, ಎಂಟರಲ್ಲಿ ಕೊನೆಗೊಳ್ಳುವ ವರ್ಷದ ಮೂವತ್ತೆರಡನೆಯ ವಾರದ್ದು; ೧೯೪೮ೋ ೧೯೫೮ೋ ಎಂಬುದನ್ನು ವರ್ಧಕದ ವಯಸ್ಸಿನಿಂದ ಊಹಿಸಬೇಕು. ಹೆಸರಿನಲ್ಲಿಯೂ ಅರ್ಥವಿದೆ: 'ಪಿ ೧೨ ಆರ್' ಎಂಬಲ್ಲಿ ಪಿ ಎಂದರೆ ಆಲ್ನಿಕೋ, ೧೨ ಎಂದರೆ ಅಂಗುಲ, ಕೊನೆಯ ಅಕ್ಷರ ಸಾಮರ್ಥ್ಯದ ದರ್ಜೆ. ಡಿಲಕ್ಸಿನಲ್ಲಿ ಸಾಮಾನ್ಯವಾಗಿ ಇದ್ದುದು ಇದೇ. ಅದೇ ಹೆಸರಿನ ಸ್ಪೀಕರನ್ನು ಈಚೆಗೆ ಇಟಲಿಯಲ್ಲಿ ತಯಾರಿಸುತ್ತಾರೆ.

ಜೋಡಿಸುವಾಗ ಕೆಲವು ಎಚ್ಚರಿಕೆಗಳು. ವರ್ಧಕದ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಮುನ್ನೂರು, ನಾನೂರು ವೋಲ್ಟಿನ ವಿದ್ಯುತ್ತು ಉಳಿದಿರಬಹುದು. ಅದು ಪ್ರಾಣವನ್ನೇ ತೆಗೆಯಬಲ್ಲದು. ಸ್ಪೀಕರ್ ಬದಲಿಸಲು ವಾಲ್ವಿನ ತಟ್ಟೆಯನ್ನು ಬಿಚ್ಚಬೇಕಾಗಿಲ್ಲ, ಬಿಚ್ಚಲೂ ಬಾರದು. ತಿರುಪುಳಿಯನ್ನು ಹಿಡಿದ ಕೈ ಗಟ್ಟಿಯಾಗಿರಲಿ. ಅಯಸ್ಕಾಂತ ಅದನ್ನು ಸೆಳೆದುಕೊಂಡರೆ ಹೊಸ ಶಂಕುವಿಗೆ ಮೊದಲ ದಿನವೇ ತೂತು. ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲವಾದರೆ ಚೌಕಟ್ಟು ತಿರುಚಿ ಸುರುಳಿ ಉಜ್ಜತೊಡಗುತ್ತದೆ. ಎರಡು ಸ್ಪೀಕರುಗಳಿದ್ದರೆ ಎರಡೂ ಒಂದೇ ದಿಕ್ಕಿಗೆ ಚಲಿಸುವಂತಿರಬೇಕು. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆದುಕೊಂಡರೆ ತಗ್ಗಿನ ಸ್ವರಗಳು ಅಲ್ಲಿಯೇ ಕರಗಿಹೋಗುತ್ತವೆ. ತಂತಿಗಳನ್ನು ಬಿಡಿಸಿ, ಕೈದೀಪದ ಒಂದೂವರೆ ವೋಲ್ಟಿನ ಕೋಶವೊಂದನ್ನು ಕ್ಷಣಕಾಲ ತಗುಲಿಸಿ ನೋಡಿ: ಕೋಶದ ಧನಾಗ್ರ ಸ್ಪೀಕರಿನ ಧನ ತುದಿಗೆ ತಾಗಿದಾಗ ಶಂಕು ಮುಂದಕ್ಕೆ ಬರಬೇಕು. ಜೆಬಿಎಲ್ ಸಂಸ್ಥೆಯ ಹಳೆಯ ಸ್ಪೀಕರುಗಳಲ್ಲಿ ಮಾತ್ರ ಇದು ತಿರುಗುಮುರುಗು.

ಹೊಸ ಸ್ಪೀಕರ್ ಮೊದಲ ಕೆಲವು ಗಂಟೆ ಬಿಗಿಯಾಗಿ, ಸ್ವಲ್ಪ ಒಣಗಿದಂತೆ ನುಡಿಯುವುದು. ಅಂಚು ಸಡಿಲವಾದಂತೆ ತಗ್ಗಿನ ಸ್ವರ ತುಂಬಿಕೊಳ್ಳುತ್ತದೆ. ಒಂದೇ ಸಂಜೆ ಕೇಳಿ ಬೇಸರಪಟ್ಟು ಹಿಂದಿರುಗಿಸಬೇಡಿ. ಬಿಚ್ಚಿದ ಹಳೆಯ ಸ್ಪೀಕರನ್ನೂ ಎಸೆಯಬೇಡಿ. ಅದರ ಅಂಚಿನ ಸಂಖ್ಯೆಯನ್ನೂ ಬಿಚ್ಚಿದ ತಾರೀಖನ್ನೂ ಚೀಟಿಯಲ್ಲಿ ಬರೆದು ಕಟ್ಟಿ, ಶಂಕುವಿನ ಮೇಲೆ ರಟ್ಟಿನ ಹಲಗೆಯನ್ನಿಟ್ಟು, ಇಲಿ ಮುಟ್ಟದ ಕಡೆ ಇಡಿ. ಹೊಸ ಶಂಕುವನ್ನೂ ಸುರುಳಿಯನ್ನೂ ಕೂಡಿಸಿ ಅದಕ್ಕೆ ಮತ್ತೆ ಜೀವ ಕೊಡಬಲ್ಲ ಕುಶಲಿಗಳು ಇನ್ನೂ ಇದ್ದಾರೆ.